ಸೋರದ ನರ

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ಮೇ ತಿಂಗಳಿಡೀ ದಿಲ್ಲಿಯ ಜನಕಪುರಿಯಲ್ಲಿ ಕರೆಂಟು ಹೋಗಲಿ. ಹೇಳುತ್ತಿರುವವನ ಮನೆ ರೋಹಿಣಿಯಲ್ಲಿದೆ, ಅದು ಬೇರೆ ಮಾತು.

ಲೋಧಿ ಕಾಲೋನಿಯ ಕೇಶವಮೂರ್ತಿ ಸರ್ಕಾರಿ ಕ್ವಾರ್ಟರ್ಸ್‌ಗಳ ಕರೆಂಟು ನೋಡಿಕೊಳ್ಳುವ ಜೂನಿಯರ್ ಇಂಜಿನಿಯರ್. ಅವರ ಜನ್ಮವೈರಿ ಲೀಕೇಜು, ಅಂದರೆ ಕರೆಂಟು ಸೋರುವುದು. ಯಾರದೋ ಮನೆಯ ಗೋಡೆ ಮುಟ್ಟಿದರೆ ಜುಮ್ಮೆಂದಿತು ಎಂದರೆ ಊಟದ ತಟ್ಟೆ ಬಿಟ್ಟು ಏಳುವ ಮನುಷ್ಯ.

ಮಗಳು ಧಾರಿಣಿ ಒಂದು ಹಲಗೆಯ ಮೇಲೆ ವೈರು, ಬ್ಯಾಟರಿಗಳಿಂದ ನರಕೋಶದ ಮಾದರಿ ಕಟ್ಟಿದ್ದಳು. ಭಾನುವಾರ ನರವಿಜ್ಞಾನದ ಪ್ರೊಫೆಸರ್ ಅಶ್ವತ್ಥನಾರಾಯಣ ಊಟಕ್ಕೆ ಬಂದು, ಅದನ್ನು ನೋಡಿ, ಅವಳನ್ನು ತಮ್ಮ ಲ್ಯಾಬಿಗೆ ಸೇರಿಸಿಕೊಳ್ಳುವುದೋ ಬೇಡವೋ ಹೇಳುವವರಿದ್ದರು.

"ಅಪ್ಪಾ, ಈ ಕೆಪಾಸಿಟರ್ ಇದೆಯಲ್ಲ, ಇದೇ ಕೋಶದ ಪೊರೆ. ಚಾರ್ಜ್ ಇಲ್ಲಿ ತುಂಬತ್ತೆ. ಈ ಬ್ಯಾಟರಿ ಸೋಡಿಯಂ, ಅದು ಪೊಟ್ಯಾಸಿಯಂ. ಪಕ್ಕದ ರೆಸಿಸ್ಟರ್‌ಗಳು ಅವುಗಳ ಬಾಗಿಲು, ಮತ್ಲಬ್ ಚಾನೆಲ್. ಈ ಮೈಕ್ ಹತ್ರ ಚಪ್ಪಾಳೆ ತಟ್ಟಿದ್ರೆ ಪೊರೆ ತುಂಬಿ, ಸೋಡಿಯಂ ಬಾಗಿಲು ತೆಗೆದು, ಬಲ್ಬ್ ಒಂದ್ಸಲ ಮಿಂಚತ್ತೆ. ಆಮೇಲೆ ಪೊಟ್ಯಾಸಿಯಂ ಎಲ್ಲಾ ಶಾಂತ ಮಾಡತ್ತೆ. ಸಣ್ಣ ಸದ್ದಿಗೆ ಏನೂ ಆಗಲ್ಲ."

"ಅಚ್ಛಾ. ಮೂಲೇಲಿ ಆ ಒಂಟಿ ರೆಸಿಸ್ಟರ್ ಯಾತಕ್ಕೆ?"

"ಅದು ಲೀಕ್."

ಕೇಶವಮೂರ್ತಿಯ ಕಿವಿ ಕೆಂಪಾಯಿತು. ತಮ್ಮ ಮನೆಯಲ್ಲೇ, ತಮ್ಮ ಮಗಳೇ, ಬೇಕೆಂದೇ ಕೂರಿಸಿದ ಲೀಕು! ಭಾನುವಾರ ಅವಳು ಸ್ನಾನಕ್ಕೆ ಹೋದದ್ದೇ ತಡ, ಕಿತ್ತು ಜೇಬಿಗೆ ಹಾಕಿಕೊಂಡರು. ಮಗಳ ಭವಿಷ್ಯಕ್ಕೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಪ್ರೊಫೆಸರ್ ಬಂದು ಹಲಗೆಯ ಎದುರೇ ಊಟಕ್ಕೆ ಕೂತರು. ಕೇಶವಮೂರ್ತಿಯ ಹೆಂಡತಿ ರತ್ನಪ್ರಭಾ ಲೋಟ ಇಟ್ಟರು, ಚಮಚ ಇಟ್ಟರು, ಅನ್ನ ಬಡಿಸಿದರು. ಬಲ್ಬು ಮಿಂಚಿತು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬೀದಿಯಲ್ಲಿ ತರಕಾರಿ ಭಯ್ಯಾ ಕೂಗಿ ಹೋದ, ಮಿಂಚಿತು. ಪ್ರೊಫೆಸರ್ ತೇಗಿದರು, ಮಿಂಚಿತು. ಪಾಯಸದ ಹೊತ್ತಿಗೆ ಪಕ್ಕದ ಮನೆಯಲ್ಲಿ ಹಪ್ಪಳ ಮುರಿದದ್ದಕ್ಕೂ ಮಿಂಚಿತು.

ಧಾರಿಣಿ ಹಲಗೆಯತ್ತ ತಿರುಗಿಯೂ ನೋಡಲಿಲ್ಲ. ಅಪ್ಪನನ್ನೇ ನೋಡಿದಳು.

"ಲೀಕ್ ಕಿಸ್ನೇ ನಿಕಾಲಾ? ಯಾರು ತೆಗೆದಿದ್ದು?"

"ಇಗೋ," ಕೇಶವಮೂರ್ತಿ ಜೇಬಿನಿಂದ ತೆಗೆದು ತೋರಿಸಿದರು. "ನಾನು ಮುಟ್ಟಿದ ಲೈನಲ್ಲಿ ಲೀಕೇಜ್ ಉಳಿದದ್ದುಂಟಾ?"

ಎಲ್ಲರೂ ಸುಮ್ಮನಾದರು. ಬಲ್ಬು ಅದಕ್ಕೂ ಮಿಂಚಿತು.

"ಅಲ್ರೀ ಮೂರ್ತಿಗಳೇ," ಎಂದರು ಪ್ರೊಫೆಸರ್, "ಸಣ್ಣಪುಟ್ಟದ್ದೆಲ್ಲ ಸೋರಿ ಹೋಗ್ಲಿ ಅಂತಲೇ ಆ ಲೀಕು. ಇಲ್ದಿದ್ರೆ ಎಲ್ಲಾ ಒಳಗೇ ಸೇರ್ಕೊಂಡು ಕೂತಿರತ್ತೆ. ಇದು ನರ ಅಲ್ಲ, ನಮ್ಮ ಡಿಪಾರ್ಟ್‌ಮೆಂಟ್ ಮೀಟಿಂಗು!"

ಧಾರಿಣಿ ರೆಸಿಸ್ಟರನ್ನು ಮತ್ತೆ ಕೂರಿಸಿದಳು. ಚಮಚ ಬಿತ್ತು, ಬಲ್ಬು ತೆಪ್ಪಗಿತ್ತು. ಪ್ರೊಫೆಸರ್ ಚಪ್ಪಾಳೆ ತಟ್ಟಿದರು. ಒಂದೇ ಒಂದು ಮಿಂಚು.

"ಮುಟ್ಟದೇನೇ ತಪ್ಪು ಹಿಡಿದೆಯಲ್ಲಮ್ಮ, ಅಷ್ಟು ಸಾಕು. ಸೋಮವಾರ ಬಾ. ಅಪ್ಪನ್ನ ಮಾತ್ರ ಮನೇಲೇ ಬಿಟ್ಟು ಬಾ."

ಕೇಶವಮೂರ್ತಿ ಮೆಟ್ಟಿಲವರೆಗೂ ಬೆನ್ನು ಹತ್ತಿದರು. "ತಮಾಷೆ ಮಾಡ್ತೀರಿ ಸರ್! ನಿಮ್ಮ ಲ್ಯಾಬಿನ ಅರ್ಥಿಂಗ್ ಒಂದ್ಸಲ ನನ್ನ ಕೈಗೆ ಕೊಟ್ಟು ನೋಡಿ, ಆಮೇಲೆ ಇಡೀ ನರಮಂಡಲದಲ್ಲಿ ಲೀಕೇಜ್ ಅನ್ನೋದು..."

ಪ್ರೊಫೆಸರ್ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಗೇಟು ದಾಟಿಯಾಗಿತ್ತು.