ಅಡುಗೆ ತಂಡದ ಮುಖ್ಯಸ್ಥೆ

ಕಾರಿಯಾಮಾಂಗಾ ಎಂಬ ಊರಿನ ಒಂದು ಪ್ರೌಢಶಾಲೆಗೆ ಆಪ್ತಸಲಹೆಗಾರ್ತಿಯಾಗಿ ಬಂದ ಎಲ್ವಿರಾ ಮೇಡಂ, ಬಂದ ವಾರವೇ ಮಕ್ಕಳಿಗೆಲ್ಲ ಒಂದು ಪರೀಕ್ಷೆ ಕೊಟ್ಟರು. ಹುಡುಗಿಯರಿಗೆ ಇನ್ನೊಬ್ಬರ ಕಷ್ಟ ಅರ್ಥವಾಗುತ್ತದೆ, ಮುಂದೆ ನಿಂತು ಮಾತಾಡುವ ಧೈರ್ಯ ಸಾಲದು. ಹುಡುಗರಿಗೆ ಧೈರ್ಯ ಬೇಕಾದಷ್ಟಿದೆ, ಬೇರೇನೂ ಇಲ್ಲ ಎಂದು ಫಲಿತಾಂಶ ಬಂತು. ಇಷ್ಟು ತಿಳಿಯಲು ಪರೀಕ್ಷೆ ಯಾಕೆ ಬೇಕಿತ್ತೋ ಎಂದುಕೊಂಡಳು ಹದಿನೈದರ ನರ್ಸಿಸಾ.

ಮೇಡಂ ಅದಕ್ಕೆ ಮದ್ದೂ ಹುಡುಕಿದರು. ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗರು ಅಡುಗೆ ಮಾಡಬೇಕು, ಹುಡುಗಿಯರು ಮುಂದಾಳುಗಳಾಗಬೇಕು. ನರ್ಸಿಸಾ ಅಡುಗೆ ತಂಡಕ್ಕೆ ಮುಖ್ಯಸ್ಥೆಯಾದಳು. ಅವಳ ಕೈಕೆಳಗೆ ವಿಲ್ಮೆರ್ ಮತ್ತವನ ಫುಟ್‌ಬಾಲ್ ಗೆಳೆಯರು. ಎಳೆಯ ಮುಸುಕಿನ ಜೋಳ ಅರೆದು, ಅದರ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸುವ ಹುಮಿತಾ ಎಂಬ ತಿನಿಸು ಅವರ ಪಾಲಿಗೆ ಬಂತು.

ಉತ್ಸವದ ದಿನ ಬೆಳಿಗ್ಗೆ ಹುಡುಗರು ಬಂದರು, ಹಿಂದೆಯೇ ಅವರ ಅಮ್ಮಂದಿರೂ ಬಂದರು. ವಿಲ್ಮೆರ್‌ನ ತಾಯಿ ದೋನ್ಯಾ ಸೋಯ್ಲಾ ಸೆರಗು ಕಟ್ಟಿದಂತೆ ಏಪ್ರನ್ ಬಿಗಿದು ಅರೆಯಲು ಕೂತೇಬಿಟ್ಟಳು.

"ಅಮ್ಮಾ, ಇದು ಅವನ ಕೆಲಸ," ಎಂದಳು ನರ್ಸಿಸಾ.

"ಅವನದೇ ಕಣಮ್ಮ. ನಾನು ಸುಮ್ನೆ ಕೈ ಹಾಕ್ತಿದೀನಿ ಅಷ್ಟೇ."

"ಅಮ್ಮಾ, ಇದಕ್ಕೆ ಉಪ್ಪು ಹಾಕ್ತಾರಾ, ಸಕ್ಕರೆ ಹಾಕ್ತಾರಾ?" ಮೊಬೈಲಿನಿಂದ ತಲೆಯೆತ್ತದೆ ಕೇಳಿದ ವಿಲ್ಮೆರ್.

ಮಧ್ಯಾಹ್ನ ಹುಮಿತಾ ತಿಂದ ಎಲ್ವಿರಾ ಮೇಡಂ ಕಣ್ಣಲ್ಲಿ ನೀರು. "ನೋಡಿ, ನಮ್ಮ ಹುಡುಗರ ಮನಸ್ಸು ಎಷ್ಟು ಮೃದು!" ಸಭೆ ಚಪ್ಪಾಳೆ ತಟ್ಟಿತು. ಒಂದು ಕಲೆಯೂ ತಾಗದ ಏಪ್ರನ್ ತೊಟ್ಟ ವಿಲ್ಮೆರ್ ಎದೆಯ ಮೇಲೆ ಕೈಯಿಟ್ಟು, ಅಡುಗೆ ತನ್ನನ್ನು ಬೇರೆ ಮನುಷ್ಯನನ್ನಾಗಿ ಮಾಡಿತೆಂದು ಮೈಕಿನಲ್ಲಿ ಹೇಳಿದ. ದೋನ್ಯಾ ಸೋಯ್ಲಾ ಹೆಮ್ಮೆಯಿಂದ ಅತ್ತಳು.

ನರ್ಸಿಸಾ ಎದ್ದು ಹೋಗಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಅಡುಗೆ ತಂಡದವರು ಕೇಳ್ರಪ್ಪಾ. ಪಾತ್ರೆ ಎಲ್ಲಾ ತೊಳೆಯೋದಿದೆ. ಅಮ್ಮಂದಿರು ಯಾರೂ ಮುಟ್ಟೋ ಹಾಗಿಲ್ಲ."

"ಅಯ್ಯೋ, ಮಸಿ ಹಿಡಿದ ಪಾತ್ರೆ ಉಜ್ಜೋಕೆ ಅವನಿಗೆ ಬರಲ್ಲಮ್ಮ!" ಎಂದು ಏಳಹೊರಟಳು ದೋನ್ಯಾ ಸೋಯ್ಲಾ.

"ಬರಲ್ಲ ಅಂತಾನೇ ಅಲ್ವಾ ಈ ತರಬೇತಿ?"

ಅರ್ಧ ಎದ್ದಿದ್ದ ದೋನ್ಯಾ ಸೋಯ್ಲಾ ಮತ್ತೆ ಕೂತಳು. ಕಾಲು ಚಾಚಿದಳು. ಬಿಸಿ ಹುಮಿತಾ ಬಿಚ್ಚಿ ಬಾಯಿಗಿಟ್ಟುಕೊಂಡು ಕೂತಲ್ಲಿಂದಲೇ ಕೂಗಿದಳು, "ತಳ ಉಜ್ಜೋ ವಿಲ್ಮೆರ್, ತಳ! ಮೇಲೆ ಮೇಲೆ ಸವರಬೇಡ!"

ತಿಂದು ಮುಗಿಸಿದ ತಟ್ಟೆ ಕೈಯಲ್ಲಿ ಹಿಡಿದೇ ಮೇಡಂ ನರ್ಸಿಸಾಳನ್ನು ಪಕ್ಕಕ್ಕೆ ಕರೆದರು. "ಸ್ವಲ್ಪ ಜೋರಾಯ್ತು ಕಣೇ. ಹುಡುಗಿ ಮುಂದಾಳಾದ್ರೆ ನಗುನಗ್ತಾ ಹೇಳ್ಬೇಕು."

ನರ್ಸಿಸಾ ನಕ್ಕಳು. ನಗುನಗುತ್ತಲೇ, ತಟ್ಟೆ ತೊಳೆಯುವ ನಲ್ಲಿ ಎಲ್ಲಿದೆಯೆಂದು ಮೇಡಂಗೆ ತೋರಿಸಿದಳು.