ಟ್ರ್ಯಾಕ್ಟರ್ ಹಾಯ್ದು

ಮಿಲ್ಲಿನ ಗೇಟಿನ ಹೊರಗೆ ಜನ ಸೇರುತ್ತಲೇ ಇದ್ದರು. ಬೈಲಹೊಂಗಲದ ದವಾಖಾನೆಯಿಂದ ನೇರವಾಗಿ ಬಂದ ಬಾಳೇಶ, ಟ್ರ್ಯಾಕ್ಟರ್ ಓಡಿಸುವ ಅರ್ಜುನನ ಕಾಲರ್ ಹಿಡಿದು ನಿಂತಿದ್ದ. ಬಾಳೇಶನ ಅಪ್ಪ ಸೋಮಪ್ಪ ಈ ಹತ್ತಿ ಮಿಲ್ಲಿನ ಹಮಾಲ. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಬಿದ್ದು ಕಾಲು ಮುರಿದುಕೊಂಡಿದ್ದ. ಇನ್ನೂ ಮಾತಾಡುವ ಸ್ಥಿತಿಗೆ ಬಂದಿರಲಿಲ್ಲ.

ಮ್ಯಾನೇಜರ್ ಶ್ರೀಶೈಲ ಸೆಕ್ಯುರಿಟಿ ಕೋಣೆಯ ಬಾಗಿಲಲ್ಲಿ ನಿಂತು ವರದಿಯ ಹಾಳೆ ಎತ್ತಿ ಹಿಡಿದ.

"ಕೇಳ್ರಿ. 'ಟ್ರ್ಯಾಕ್ಟರ್ ಹಾಯ್ದು ಸೋಮಪ್ಪ ಬಿದ್ದರು.' ನಮ್ಮ ಗಾರ್ಡ್ ಹುಡುಗಿ ಕಣ್ಣಾರೆ ನೋಡಿ ಬರದಾಳ. ಇನ್ನೇನ್ ಬೇಕ್ರಿ?"

ಒಳಗೆ ಕುಳಿತಿದ್ದ ಗಾರ್ಡ್ ಮಹಾನಂದಾ ಆ ಹಾಳೆಯನ್ನೇ ನೋಡಿದಳು. ಅಕ್ಷರ ಅವಳವೇ. ಆದರೆ ಅವಳು ಬರೆದದ್ದು ಆ ಅರ್ಥದಲ್ಲಲ್ಲ. ಅವ್ವ 'ಹಳ್ಳ ಹಾಯ್ದು ಬಂದ್ನಿ' ಅನ್ನುತ್ತಾಳಲ್ಲ, ಆ ಹಾಯ್ದು. ಟ್ರ್ಯಾಕ್ಟರ್ ಗೇಟು ದಾಟಿ ಒಳಗೆ ಹೋಯಿತು, ಆಮೇಲೆ ಸೋಮಪ್ಪ ಬಿದ್ದ. ಆದರೆ ಎತ್ತು ಹಾಯ್ದು ಗಾಯವಾಯಿತು, ಲಾರಿ ಹಾಯ್ದು ಸತ್ತ ಎಂದೂ ಅದೇ ಬಾಯಲ್ಲಿ ಅನ್ನುತ್ತಾರೆ. ಗೇಟಿನಲ್ಲಿ ನಿಂತವರ ಕಿವಿಗೆ ಬಿದ್ದದ್ದು ಈ ಹಾಯ್ದು.

"ನನ್ನ ಗಾಡಿ ತೂಕದ ಕಟ್ಟಿ ಮ್ಯಾಲ ನಿಂತಿತ್ತೋ ಯಣ್ಣಾ," ಎಂದ ಅರ್ಜುನ. ತುಟಿ ಒಡೆದಿತ್ತು.

"ನಿಂತ ಗಾಡಿ ಮಂದಿ ಕಾಲ ಮುರೀತೈತೇನಲೇ?" ಗುಂಪಿನಲ್ಲೊಬ್ಬ ಕೇಳಿದ. "ತೊರಗಲ್ ಗುಡ್ಡದ ಇಳಕಲಿನ್ಯಾಗ ಬಿಟ್ಟಂಗ ಗಾಡಿ ಬಿಟ್ಟಾನ ಮಗಾ."

ಕೆಲವರು ನಕ್ಕರು. ಬಾಳೇಶ ನಗಲಿಲ್ಲ. ಹಿಡಿತ ಬಿಗಿಯಾಯಿತು.

ಕಿಟಕಿಯಲ್ಲಿ ಮಹಾನಂದಾಳಿಗೆ ಇನ್ನೊಂದು ಕಂಡಿತು. ಹತ್ತಿ ತುಂಬಿದ ಅಂಡಿಗೆ ಚೀಲಗಳ ರಾಶಿಗೆ ಒರಗಿಸಿದ್ದ ಏಣಿಯನ್ನು ವಾಚ್‌ಮನ್ ಗೋಡೆಯ ಹಿಂದಕ್ಕೆ ಎಳೆದೊಯ್ಯುತ್ತಿದ್ದ. ಮುರಿದ ಮೆಟ್ಟಿಲಿಗೆ ಸುತ್ತಿದ್ದ ಹಗ್ಗ ನೆಲದ ಮೇಲೆ ತೆವಳುತ್ತ ಹೋಯಿತು.

ಅವಳು ಎದ್ದು ಬಾಗಿಲಿಗೆ ಬಂದಳು. "ಸರ್, ಅದು ತಪ್ಪಾಗೈತ್ರಿ. ಬ್ಯಾರೆ ಬರದ ಕೊಡತೇನ್ರಿ."

"ಏನೂ ತಪ್ಪಾಗಿಲ್ಲ. ಛಲೋ ಬರದಿ." ಶ್ರೀಶೈಲ ಗುಂಪಿನ ಕಡೆ ನಗುಮುಖ ಇಟ್ಟುಕೊಂಡೇ ದನಿ ಇಳಿಸಿದ. "ಅಂವ ಬಾಡಿಗಿ ಗಾಡಿಯಾಂವ. ನಾಳೆ ರಾಮದುರ್ಗಕ್ಕ ಹೋಗ್ತಾನ, ಸವದತ್ತಿಗೆ ಹೋಗ್ತಾನ. ನೀ ಇಲ್ಲೇ ಇರಾಕಿ. ಇರಬೇಕಂತಿದ್ರ."

ಅವಳು ಒಳಗೆ ಹೋದಳು. ಸಾಲೆಯಲ್ಲಿ ಎದ್ದು ಓದು ಅಂದರೆ ದನಿಯೇ ಹೊರಡುತ್ತಿರಲಿಲ್ಲ. ಏಳನೇ ತರಗತಿಗೆ ಸಾಲೆ ಬಿಟ್ಟಾಗ ಅದೊಂದು ತಪ್ಪಿತಲ್ಲ ಎಂದು ಸಮಾಧಾನವಾಗಿತ್ತು. ಬರೆಯುವುದಾದರೆ ಅಂಜಿಕೆಯಿಲ್ಲ, ಹಾಳೆ ತಿರುಗಿ ನೋಡುವುದಿಲ್ಲ.

ಹೊರಗೆ ಕಪಾಳಕ್ಕೆ ಹೊಡೆದ ಸದ್ದಾಯಿತು. "ಪೊಲೀಸ್ರು ಬರೂತನಕ ಕಾಯೂದ್ಯಾಕ?" ಎಂದರು ಯಾರೋ.

ಅವಳು ಹೊಸ ಹಾಳೆ ಎಳೆದುಕೊಂಡು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದಳು. ಬರೆದು ಮುಗಿಸಿ ಬಾಗಿಲು ನೋಡಿದಳು. ಇದನ್ನು ಶ್ರೀಶೈಲ ಮಂದಿಗೆ ಓದಿ ಹೇಳುವುದಿಲ್ಲ. ಅವನ ಪಕ್ಕದಿಂದ ನುಸುಳಿ ಗೇಟಿನ ತನಕ ನಡೆದಳು.

"ಟ್ರ್ಯಾಕ್ಟರ್ ಗೇಟಿನ ಒಳಗೆ..."

"ಜೋರ ಓದವಾ, ಕೇಳಂಗಿಲ್ಲ."

ಮತ್ತೆ ಮೊದಲಿನಿಂದ ಓದಿದಳು. "ಟ್ರ್ಯಾಕ್ಟರ್ ಗೇಟಿನ ಒಳಗೆ ಬಂತು. ತೂಕದ ಕಟ್ಟೆಯ ಮೇಲೆ ನಿಂತಿತು. ಅರ್ಜುನ ಕೆಳಗೆ ಇಳಿದರು. ನಾನು ಗೇಟಿಗೆ ಸರಪಳಿ ಹಾಕಿ ತಿರುಗಿದೆ. ಸೋಮಪ್ಪ ಅಂಡಿಗೆಗಳ ಮೇಲಿಂದ ಏಣಿ ಇಳಿಯುತ್ತಿದ್ದರು. ಏಣಿಯ ಮೆಟ್ಟಿಲು ಮುರಿಯಿತು. ಅವರು ಬಿದ್ದರು. ಟ್ರ್ಯಾಕ್ಟರ್ ಅವರ ಹತ್ತಿರ ಇರಲಿಲ್ಲ."

ಬಾಳೇಶ ಅವಳನ್ನೇ ನೋಡಿದ.

"ಮೊದಲ ಹಾಯ್ದು ಅಂತ ಬರದಿದ್ದಿ."

"ದಾಟಿ ಬಂತು ಅನ್ನಾಕ ಬರದಿದ್ದೆ. ಹಂಗ ಬರಿಬಾರದಿತ್ತು."

"ಏಣಿ ಎಲ್ಲೈತಿ?"

ಬೆನ್ನ ಹಿಂದೆ ಶ್ರೀಶೈಲನ ಬೂಟಿನ ಸದ್ದು ಹತ್ತಿರ ಬಂತು. "ಮಹಾನಂದಾ," ಎಂದ ಅವನು, ಮೆಲ್ಲಗೆ.

ಅವಳು ತಿರುಗಲಿಲ್ಲ. "ಗ್ವಾಡಿ ಹಿಂದ," ಎಂದಳು. "ಈಗ ಒಯ್ದ್ರು."

ಬಾಳೇಶನ ಕೈ ಕಾಲರಿನಿಂದ ಜಾರಿತು. ಅರ್ಜುನ ಅಲ್ಲಿಯೇ ಮಣ್ಣಿನಲ್ಲಿ ಕುಕ್ಕರಿಸಿದ. ಮಹಾನಂದಾ ತಾನೇ ಗೇಟಿನ ಸರಪಳಿ ಬಿಚ್ಚಿದಳು.

ಬಾಳೇಶ ಏಣಿಯನ್ನು ಹೆಗಲ ಮೇಲೆ ಹೊತ್ತು ತಂದು ಶ್ರೀಶೈಲನ ಮುಂದೆ ಕೆಡವಿದ. ಮಹಾನಂದಾ ಗೇಟಿನ ಕಂಬಕ್ಕೆ ಹಾಳೆ ಒತ್ತಿ ಹಿಡಿದು ಇನ್ನೊಂದು ಸಾಲು ಸೇರಿಸಿದಳು: ಏಣಿ ಗೋಡೆಯ ಹಿಂದೆ ಸಿಕ್ಕಿತು. ಅದನ್ನು ತನಗಷ್ಟೇ ಕೇಳುವಂತೆ ಒಮ್ಮೆ ಓದಿಕೊಂಡಳು. ಆಮೇಲೆ ಕೆಳಗೆ ಸಹಿ ಮಾಡಿದಳು.