ನನ್ನ ಗಂಡ ಮಾಡುವ ಓವನ್

ಏರ್ ಫ್ರೈಯರ್ ಒಳ್ಳೆಯದೋ ಓವನ್ ಒಳ್ಳೆಯದೋ ಎಂದು ಲಗ್ಗೆರೆಯ ನಮ್ಮ ಓಣಿಯಲ್ಲಿ ಯಾರಿಗೆ ಅನುಮಾನ ಬಂದರೂ ನನ್ನನ್ನೇ ಕೇಳುತ್ತಿದ್ದರು. ಕೇಳಬೇಕಾದದ್ದೇ. ನನ್ನ ಗಂಡ ಈಶಪ್ಪನವರು ಪೀಣ್ಯದ ಒಂದು ಶೆಡ್ಡಿನಲ್ಲಿ ಓವನ್ ಮಾಡುವವರು. ಅಲ್ಯೂಮಿನಿಯಂ ತಗಡಿನ ದುಂಡನೆಯ ಡಬ್ಬಿ, ಒಳಗೆ ಕಾಯಿಲ್, ಮೇಲೆ ಗಾಜಿನ ಕಿಂಡಿಯ ಮುಚ್ಚಳ. ಒಂದು ಕಾಲದಲ್ಲಿ ಕೇಕ್ ಮಾಡಲು ಹೊರಟ ಹೆಂಗಸರೆಲ್ಲ ಮೊದಲು ಕೊಳ್ಳುತ್ತಿದ್ದುದು ಇದನ್ನೇ. ಆಗ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಅಲ್ಲಿ ಯಮನಪ್ಪನೆಂಬ ಒಬ್ಬನೇ ಕೆಲಸದವನು. ಅವನೂ ಹೆಚ್ಚು ಹೊತ್ತು ಫೋನ್ ನೋಡುತ್ತ ಕೂತಿರುತ್ತಾನೆ.

ನಮ್ಮ ಮನೆಯಲ್ಲೂ ಇಂಥದೊಂದು ಓವನ್ ಇದೆ, ಮಗಳು ಶಾಲೆಗೆ ಹೋಗುವಾಗಿನದು. ಸುಳ್ಳೇಕೆ, ಅಡುಗೆ ಚೆನ್ನಾಗಿಯೇ ಮಾಡುತ್ತದೆ. ಶೇಂಗಾ ಹುರಿದರೆ ಒಂದೊಂದು ಕಾಳೂ ಹದವಾಗಿ ಕೆಂಪಗಾಗುತ್ತದೆ. ಆದರೆ ಹಳೆಯದಾಗುತ್ತ ಬಂದಂತೆ ಮೈಯಲ್ಲಿ ಕರೆಂಟ್ ಬಿಡತೊಡಗಿತು. ನಮ್ಮದೊಂದೇ ಅಲ್ಲ, ಅವರು ಮಾಡಿದ ಎಲ್ಲವೂ ಹಾಗೆಯೇ. ಹೊಸದಿದ್ದಾಗ ಸುಮ್ಮನಿರುತ್ತವೆ, ಕಾಯಿಲ್ ಸವೆದ ಮೇಲೆ ಮುಟ್ಟಿದರೆ ಜುಂ ಎನ್ನುತ್ತವೆ. ಎರಡೇ ಪಿನ್ನಿನ ಪ್ಲಗ್ಗು, ಅರ್ತ್ ವೈರ್ ಹಾಕುವುದೇ ಇಲ್ಲ. ಯಾಕೆಂದು ಕೇಳಿದರೆ, ಕೊಳ್ಳುವವರ ಮನೆಯಲ್ಲೇ ಅರ್ತ್ ಇರುವುದಿಲ್ಲ, ನಾನು ಹಾಕಿ ಏನು ಉಪಯೋಗ ಎನ್ನುತ್ತಾರೆ. ಹೇಗಿದೆ ನ್ಯಾಯ!

ನಮ್ಮಲ್ಲಿ ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ರೂಢಿಯಿಲ್ಲ. ಹಾಗಾಗಿ ಊಟಕ್ಕೆ ಕೂರುವ ಮರದ ಮಣೆಯೊಂದನ್ನು ಓವನ್ ಮುಂದೆ ಹಾಕಿಕೊಂಡೆ. ಮಣೆಯ ಮೇಲೆ ನಿಂತು, ಕೈಗೆ ಒಣ ಬಟ್ಟೆ ಸುತ್ತಿ ಮುಚ್ಚಳ ತೆಗೆಯುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಮಣೆ ಯಾಕೆಂದು ನನ್ನ ಗಂಡನಿಗೆ ಚೆನ್ನಾಗಿ ಗೊತ್ತು. ತಂದುಕೊಟ್ಟವರೇ ಅವರು.

ಹೋದ ವರ್ಷ ಬೊಮ್ಮನಹಳ್ಳಿಯಲ್ಲಿರುವ ಮಗಳು ಭುವನೇಶ್ವರಿ ಬಂದಿದ್ದಾಗ ನಾನು ಮಣೆ ಮರೆತು ಮುಚ್ಚಳ ಮುಟ್ಟಿದೆ. ಕೈ ಕೊಡವಿಕೊಂಡು ಗೋಡೆಗೆ ಒರಗಿದ್ದನ್ನು ಅವಳು ನೋಡಿದಳು. ಮುಂದಿನ ವಾರ ಮನೆ ಬಾಗಿಲಿಗೆ ಅವಳು ಕಳಿಸಿದ ಏರ್ ಫ್ರೈಯರ್ ಬಂತು.

ಅದರ ಬಗ್ಗೆಯೂ ನಿಜವನ್ನೇ ಹೇಳುತ್ತೇನೆ. ಐದಾರು ಮಂದಿಯ ಮನೆಗೆ ಅದು ಆಟದ ಸಾಮಾನು. ಒಂದು ಹಿಡಿ ಬೇಯುವಷ್ಟರಲ್ಲಿ ಮೊದಲು ತಿಂದವನಿಗೆ ಮತ್ತೆ ಹಸಿವಾಗಿರುತ್ತದೆ. ಮಿರ್ಚಿ ಭಜಿ ಮಾಡಲು ಹೋದೆ, ಹಿಟ್ಟೆಲ್ಲ ಜಾಲರಿಯಿಂದ ಕೆಳಗಿಳಿದು ಮೆಣಸಿನಕಾಯಿ ಬೆತ್ತಲೆಯಾಗಿ ನಿಂತಿತು. ರೊಟ್ಟಿ ಮುರಿದು ಹಾಕಿದರೆ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ಅಂಟಿಕೊಂಡು ಕರಕಲಾಯಿತು. ಕೇಕ್ ಅಂತೂ ಮೇಲೆ ಒಡೆದು ಒಳಗೆ ಹಸಿ. ಆದರೆ ನಾವು ಈಗ ಇಬ್ಬರೇ. ಬದನೆಕಾಯಿ ಸುಡಲು, ಗೆಣಸು ಸುಡಲು, ತಣ್ಣಗಾದದ್ದನ್ನು ಬಿಸಿ ಮಾಡಲು ಅದು ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಹೆದರಿಕೆಯಿಲ್ಲದೆ ಮುಟ್ಟಬಹುದಿತ್ತು. ಬರಿಗಾಲಲ್ಲಿ ನಿಂತು ಹಿಡಿಕೆ ಎಳೆದಾಗ ಮೊದಲ ದಿನ ನನಗೆ ಅಳು ಬಂದಿತ್ತು.

ಅವರಿಗೆ ಬಂದದ್ದು ಸಿಟ್ಟು. ಏರ್ ಫ್ರೈಯರನ್ನು ಮನೆಯಲ್ಲಿಟ್ಟುಕೊಂಡು ಊರಿಗೆ ಓವನ್ ಮಾರುವುದು ಹೇಗೆ ಎಂದು ಎರಡು ದಿನ ಕೂಗಾಡಿದರು. ಮೂರನೆಯ ದಿನ ಅದರಲ್ಲೇ ಸುಟ್ಟ ಬದನೆಕಾಯಿಯ ಗೊಜ್ಜು ಹಾಕಿಸಿಕೊಂಡು ಉಂಡರು.

ಶೆಡ್ಡಿನ ಬಾಡಿಗೆ ಕಟ್ಟುವುದೇ ಕಷ್ಟವಾಗಿ, ದೀಪಾವಳಿಗೆ ಬಾಗಿಲು ಹಾಕುವ ಮಾತು ನಡೆದಿತ್ತು. ಅಷ್ಟರಲ್ಲಿ ವೈಟ್‌ಫೀಲ್ಡಿನಲ್ಲೂ ನಮ್ಮ ಕಡೆಯೂ ನಾಲ್ಕಾರು ಅಂಗಡಿ ಇಟ್ಟಿರುವ ಅಂಜನ್ ಎಂಬ ವ್ಯಾಪಾರಿ ಫೋನ್ ಮಾಡಿದ. ಏರ್ ಫ್ರೈಯರ್ ಕೊಂಡವರಲ್ಲಿ ದೊಡ್ಡ ಸಂಸಾರದವರೆಲ್ಲ ಸಾಲುವುದಿಲ್ಲ ಎಂದು ಗೊಣಗುತ್ತಿದ್ದಾರಂತೆ, ಅಂಥವರಿಗೆ ದುಂಡು ಓವನ್ ಮತ್ತೆ ಓಡಬಹುದಂತೆ. ಬಹಳ ವರ್ಷ ಬಾಳಿದ ಓವನ್ ಒಂದನ್ನು ಮನೆಯಲ್ಲೇ ನೋಡಬೇಕು ಎಂದ. ನಮ್ಮದನ್ನೇ ನೋಡಲು ಬರುವುದೆಂದಾಯಿತು. ಈ ಆರ್ಡರ್ ಸಿಕ್ಕರೆ ಶೆಡ್ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇದನ್ನು ಅವರು ನನಗೆ ಬಿಡಿಸಿ ಹೇಳಿದರು.

ಬರುವ ದಿನ ಏರ್ ಫ್ರೈಯರ್ ಸಜ್ಜಾದ ಮೇಲೆ ಕೌದಿ ಹೊದ್ದು ಮಲಗಿತು. ನಾನು ಖಾರದ ಬಿಸ್ಕತ್ತಿನ ಹಿಟ್ಟು ನಾದಿ, ಓವನ್ನಿಗಿಟ್ಟು, ಮನೆಯೆಲ್ಲ ಒರೆಸಿದೆ. ಅಂಜನ್ ಮೂವತ್ತೈದರ ಆಸುಪಾಸಿನವನು, ಒಳ್ಳೆಯ ಮಾತಿನವನು. ಬಿಸ್ಕತ್ತಿನ ವಾಸನೆಗೇ ಅರ್ಧ ಒಪ್ಪಿಕೊಂಡ. ಓವನ್ ವಯಸ್ಸು ಕೇಳಿ ಇನ್ನಷ್ಟು ಒಪ್ಪಿಕೊಂಡ. ಆಮೇಲೆ ಫೋನ್ ತೆಗೆದು, ನೀವು ಮುಚ್ಚಳ ತೆಗೆದು ಬಿಸ್ಕತ್ತು ತೋರಿಸುವ ವಿಡಿಯೋ ಮಾಡಿಕೊಳ್ಳುತ್ತೇನೆ, ಅಂಗಡಿಗಳಲ್ಲಿ ಹಾಕಿಸುತ್ತೇನೆ ಎಂದ. ನಾನು ಮಣೆ ಹತ್ತಿ ನಿಂತೆ.

"ಅದೇನ್ ಮೇಡಂ ಮಣೆ?"

ನಾನು ಬಾಯಿ ತೆರೆಯುವ ಮೊದಲೇ ಇವರು ನಕ್ಕರು. "ಆಕಿ ಗಿಡ್ಡ ಅದಾಳ್ರೀ, ಎತ್ತರ ಸಾಲೂದಿಲ್ಲ."

ನಾನು ಇವರಿಗಿಂತ ಎರಡು ಬೆರಳು ಎತ್ತರ. ಅಂಜನ್ ಅದನ್ನು ಗಮನಿಸಲಿಲ್ಲ. ವಿಡಿಯೋದಲ್ಲಿ ಮಣೆ ಚೆನ್ನಾಗಿ ಕಾಣಲ್ಲ, ತೆಗೆದುಬಿಡಿ ಎಂದ.

ನಾನು ಗಂಡನ ಮುಖ ನೋಡಿದೆ. ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ಬೇಡ ಎನ್ನಲು ಅವರಿಗೆ ನೂರು ದಾರಿ ಇತ್ತು. ಪ್ಲಗ್ ತೆಗೆಯುತ್ತೇನೆ ತಡಿ ಎಂದಿದ್ದರೂ ಸಾಕಿತ್ತು. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಆಮೇಲೆ ಬಗ್ಗಿ ತಮ್ಮ ಕೈಯಾರೆ ಮಣೆಯನ್ನು ಪಕ್ಕಕ್ಕೆ ಸರಿಸಿದರು.

ನಾನೂ ಹೇಳಬಹುದಿತ್ತು. ಹೇಳಿದ್ದರೆ ಶೆಡ್ ಮುಚ್ಚುತ್ತಿತ್ತು, ಆ ಹೊರೆ ಸಾಯುವ ತನಕ ನನ್ನ ತಲೆಯ ಮೇಲೆ. ಮುಚ್ಚಳ ಎತ್ತಿದೆ. ಬಟ್ಟೆ ಜಾರಿ ಅಂಗೈ ತಗಡಿಗೆ ತಾಗಿತು. ಬೆರಳಿನಿಂದ ಭುಜದವರೆಗೆ ಯಾರೋ ಒಳಗಿನಿಂದ ಎಳೆದಂತಾಯಿತು, ಹಲ್ಲು ಕಟ್ಟಿಕೊಂಡಿತು. ಕ್ಯಾಮೆರಾದಲ್ಲಿ ಅದು ನಗುವಿನ ಹಾಗೆ ಕಂಡಿರಬೇಕು. ಎಷ್ಟೋ ವರ್ಷದಿಂದ ಇದರಲ್ಲೇ ಅಡುಗೆ ಮಾಡುತ್ತಿದ್ದೇನೆ, ಏನೂ ತೊಂದರೆಯಿಲ್ಲ, ಕಣ್ಣುಮುಚ್ಚಿ ತಗೊಳ್ಳಿ ಎಂದು ಗಂಡ ಮೊದಲೇ ಕಲಿಸಿಟ್ಟಿದ್ದನ್ನೆಲ್ಲ ಹೇಳಿದೆ. ಅಂಜನ್ ಖುಷಿಯಾಗಿ ಆರ್ಡರ್ ಮಾತಾಡಿಕೊಂಡು, ಬಿಸ್ಕತ್ತು ಕಟ್ಟಿಸಿಕೊಂಡು ಹೋದ.

ಬಾಗಿಲು ಹಾಕಿ ಬಂದ ಗಂಡ ನನ್ನ ಕೈ ಹಿಡಿದು ನೋಡುತ್ತಾರೆಂದು ಕಾದೆ. ಹುಚ್ಚಿ ನಾನು. ಅವರು ಯಮನಪ್ಪನಿಗೆ ಫೋನ್ ಮಾಡಿ ತಗಡು ತರಿಸುವ ಮಾತಾಡುತ್ತಿದ್ದರು. ಹೊಸ ಓವನ್ನಿಗಾದರೂ ಮೂರು ಪಿನ್ನಿನ ಪ್ಲಗ್ ಹಾಕಿ ಎಂದೆ. ನೋಡೋಣ ಎಂದರು. ಮೊದಲ ಸರಕು ಹೋಯಿತು, ಎರಡನೆಯದೂ ಹೋಯಿತು, ಪಿನ್ನು ಎರಡೇ ಉಳಿದವು. ನನ್ನ ವಿಡಿಯೋ ಮಾತ್ರ ಓಣಿಯವರ ಫೋನಿನಲ್ಲೆಲ್ಲ ಓಡಾಡಿತು. ಮಹಾನಂದಮ್ಮ ಟಿವಿಯವರ ಥರ ಮಾತಾಡ್ತಾರೆ ಎಂದು ಹೊಗಳಿದವರೇ ಹೊಗಳಿದವರು. ಅವರ ಎದುರಿಗೆ ನಿಲ್ಲದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಮನೆ ಮಾಲೀಕರಾದ ರಾಮಕ್ಕ ಕೆಳಗಿನ ಮನೆಯಲ್ಲಿದ್ದಾರೆ. ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಭಾನುವಾರ ಬೆಳಿಗ್ಗೆ ರಾಮಕ್ಕ ಮೆಟ್ಟಿಲೇರಿ ಬಂದರು, ಎರಡು ಕೈಯಲ್ಲೂ ಹೊಸ ಓವನ್ ಅಪ್ಪಿಕೊಂಡು. ನನ್ನ ಗಂಡ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ರಾಮಕ್ಕ ಏರ್ ಫ್ರೈಯರ್ ತಗೊಳ್ಳಲೆಂದು ಅಂಜನ್‌ನ ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ನನ್ನ ವಿಡಿಯೋ ನೋಡಿ ಮನಸ್ಸು ಬದಲಾಯಿಸಿದರಂತೆ.

"ಶಾಕ್ ಗೀಕ್ ಏನೂ ಹೊಡಿಯಲ್ಲ ಅಲ್ವಾ ಮಹಾನಂದಮ್ಮ?" ಎಂದರು. "ಮಗ್ಳೇ ಕೇಕ್ ಮಾಡ್ತೀನಿ ಅಂತ ಕುಣೀತಾವ್ಳೆ. ನೀವು ಇಷ್ಟು ವರ್ಷದಿಂದ ಇಟ್ಕೊಂಡಿದೀರಲ್ಲ, ಅದಕ್ಕೇ ಧೈರ್ಯ."

ಇವರು ಚಹಾದ ಲೋಟವನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಈ ಸಲ ಮುಖವನ್ನೇ ನೋಡಿದರು. ಇಡೀ ವಠಾರಕ್ಕೆ ಒಂದೇ ವೈರಿಂಗ್, ಎಲ್ಲೂ ಅರ್ತ್ ಇಲ್ಲ. ರಾಮಕ್ಕನ ಮಗಳು ಮೆಟ್ಟಿಲ ಕೆಳಗೆ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಮಾತಿಗಾಗಿ ಕಾಯುತ್ತಿದ್ದಳು.

"ಹೊಡೀತದ ರಾಮಕ್ಕ," ಎಂದೆ. "ಇವತ್ತಲ್ಲ, ಮುಂದ. ವಾಪಸ್ ಕೊಟ್ಟು ಏರ್ ಫ್ರೈಯರ್ ತಗೊಂಡು ಬರ್ರಿ. ಸಣ್ಣದಾದ್ರೂ ಅಡ್ಡಿಯಿಲ್ಲ. ನಾನು ವಿಡಿಯೋದಾಗ ಹೇಳಿದ್ದು ಸುಳ್ಳು."

ರಾಮಕ್ಕ ಒಮ್ಮೆ ನನ್ನನ್ನೂ ಒಮ್ಮೆ ಇವರನ್ನೂ ನೋಡಿ, ಓವನ್ ಅಪ್ಪಿಕೊಂಡೇ ಕೆಳಗಿಳಿದರು. ಈ ಮಾತು ಸಂಜೆಯೊಳಗೆ ಅಂಗಡಿ ಮುಟ್ಟುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮುಟ್ಟಿತು ಕೂಡ. ಅಂಜನ್ ಉಳಿದ ಸರಕನ್ನೆಲ್ಲ ವಾಪಸ್ ಕಳಿಸಿದ.

ಆದರೆ ಅದು ಆಮೇಲಿನ ಮಾತು. ಆ ಬೆಳಿಗ್ಗೆ ಇವರು ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಸಣ್ಣ ದನಿಯಲ್ಲಿ, ನಿಜಕ್ಕೂ ನೊಂದವರ ಹಾಗೆ ಕೇಳಿದರು.

"ಒಂದು ಮಾತು ತಡಕೊಂಡಿದ್ರ ನಿನಗೇನಾಗ್ತಿತ್ತು?"

"ಅವತ್ತು ಒಂದು ಮಾತು ಆಡಿದ್ರ ನಿಮಗೇನಾಗ್ತಿತ್ತು?" ಎಂದೆ.

ಯಾವತ್ತು ಎಂದು ಅವರು ನನ್ನನ್ನು ಕೇಳಿದರು. ನಾಟಕವಲ್ಲ. ಮಣೆ ಸರಿಸಿದ್ದು ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.